ಗೋಡೆಯ ಮೇಲೆ ಕಂಡ ಹುಳ: ಒಂದು ಠಾಣಾ ಸಾವಿನ ಪ್ರಕರಣ ಅಧ್ಯಯನ

ಮಂಗಳವಾರ ಬೆಳಗ್ಗೆ ಏಳೂವರೆಗೆ ನನ್ನ ಮೊಬೈಲಿಗೆ ಒಂದು ಫೋಟೋ ಬಂತು. ಸ್ಟ್ರೆಚರ್ ಮೇಲೆ ಮಗ್ಗುಲಿಗೆ ಹೊರಳಿಸಿದ ಹೆಣ, ಬೆನ್ನೆಲ್ಲ ನೇರಳೆ ಹಣ್ಣಿನ ಬಣ್ಣ. ಕೆಳಗೆ ಒಂದೇ ಸಾಲು: ‘ವಕೀಲ್ರ, ಹ್ಯಾಂಗ ಬಡದು ಕೊಂದಾರ ನೋಡ್ರಿ.’ ಹತ್ತು ಗಂಟೆಯೊಳಗೆ ಆ ಫೋಟೋ ತಾಲೂಕಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಹತ್ತೂವರೆಗೆ ಪೊಲೀಸರ ಕಡೆಯಿಂದ ಪತ್ರಕರ್ತರಿಗೆ ಹೇಳಿಕೆ ಹೋಯಿತು: ವಿಚಾರಣೆಗೆ ಕರೆತಂದಿದ್ದ ವ್ಯಕ್ತಿಗೆ ನಸುಕಿನ 4.10ಕ್ಕೆ ಎದೆನೋವು ಕಾಣಿಸಿಕೊಂಡಿತು, ಆಸ್ಪತ್ರೆಗೆ ಸಾಗಿಸುವಾಗ ಮೃತಪಟ್ಟರು. ಮಧ್ಯಾಹ್ನದ ಹೊತ್ತಿಗೆ ಊರು ಎರಡು ಪಾಲಾಗಿತ್ತು. ಒಂದು ಪಾಲಿಗೆ ‘ಬಡದು ಕೊಂದಾರ’, ಇನ್ನೊಂದಕ್ಕೆ ‘ಹಾರ್ಟ್ ಅಟ್ಯಾಕ್’. ನಡುವೆ ನಿಂತು ಮಾತಾಡಿದವರನ್ನು ಎರಡೂ ಕಡೆಯವರು ಬೈದರು. ಬೈಸಿಕೊಂಡವರಲ್ಲಿ ನಾನೂ ಒಬ್ಬ.

ಬಾಗಲಕೋಟೆ ಜಿಲ್ಲೆಯ ಒಂದು ಪಟ್ಟಣದ ಸಂಗತಿ ಇದು. ಗುರುತು ಸಿಗಬಾರದೆಂದು ಊರು, ಹೆಸರು, ಇಸವಿ ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ. ಗಂಟೆಗಳನ್ನು ಮಾತ್ರ ಮುಟ್ಟಿಲ್ಲ. ಯಾಕೆಂದರೆ ಈ ಪ್ರಕರಣದಲ್ಲಿ ಕೊನೆಗೆ ಮಾತಾಡಿದ್ದು ಗಂಟೆಗಳೇ.

ಆತ ಮತ್ತು ಆ ಎರಡು ದಿನ

ಸತ್ತವನಿಗೆ 41 ವರ್ಷ. ಕಬ್ಬು ಕಟಾವಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಉಳಿದ ದಿನ ಸಿಕ್ಕ ಕೆಲಸ. ಸಂಜೆಯಾದರೆ ಎರಡು ಪಾಕೀಟು ಮದ್ಯ ಬೇಕೇ ಬೇಕು. ಹತ್ತು ಹನ್ನೆರಡು ವರ್ಷದ ಚಟ ಅದು, ಹೆಂಡತಿ ಅದನ್ನು ಮುಚ್ಚಿಡಲಿಲ್ಲ. ಹೊಳೆದಂಡೆಯ ಹೊಲಗಳಲ್ಲಿ ಪಂಪ್‌ಸೆಟ್ ಕೇಬಲ್ ಕಳವಾಗುತ್ತಿದ್ದ ಕಾಲ. ಕೇಬಲ್ ಸುಟ್ಟು ತಾಮ್ರ ತೆಗೆದು ಗುಜರಿಗೆ ಹಾಕುವ ಗುಂಪೊಂದಿದೆ ಎಂಬ ಗುಮಾನಿ ಇತ್ತು. ನೀರಿಲ್ಲದೆ ಕಬ್ಬು ಒಣಗಿಸಿಕೊಂಡ ರೈತರು ಠಾಣೆಯ ಮುಂದೆ ದಿನಾ ಬಂದು ಕೂರುತ್ತಿದ್ದರು. ಇದನ್ನು ಯಾಕೆ ಹೇಳುತ್ತೇನೆಂದರೆ, ಆತನನ್ನು ಒಯ್ದ ದಿನ ಊರಲ್ಲಿ ಯಾರಿಗೂ ಕೆಡುಕು ಅನ್ನಿಸಿರಲಿಲ್ಲ. ‘ನಾಕು ಬಿದ್ರ ಖರೆ ಹೇಳ್ತಾನ’ ಎಂದವರೇ ಎರಡು ದಿನದ ಮೇಲೆ ರಸ್ತೆಗೆ ಟೈರು ತಂದು ಸುಟ್ಟರು.

ಮನೆಯವರು ಹೇಳುವುದು: ಭಾನುವಾರ ಸಂಜೆ ಆರೂವರೆ ಸುಮಾರಿಗೆ, ಆಗಷ್ಟೇ ಕುಡಿದು ಪಾನ್ ಅಂಗಡಿಯ ಮುಂದೆ ನಿಂತಿದ್ದವನನ್ನು ಜೀಪಿನಲ್ಲಿ ಒಯ್ದರು. ಠಾಣೆಯ ಡೈರಿ ಹೇಳುವುದು: ಸೋಮವಾರ ಸಂಜೆ 5.10ಕ್ಕೆ, ಬಸ್ ನಿಲ್ದಾಣದ ಹತ್ತಿರ ಕುಡಿದು ಅನುಮಾನಾಸ್ಪದವಾಗಿ ತಿರುಗುತ್ತಿದ್ದವನನ್ನು ವಿಚಾರಣೆಗೆ ಕರೆತರಲಾಯಿತು. ಎರಡಕ್ಕೂ ನಡುವೆ 22 ಗಂಟೆ 40 ನಿಮಿಷದ ಅಂತರ. ಅರೆಸ್ಟ್ ತೋರಿಸಿಯೇ ಇರಲಿಲ್ಲ. ತೋರಿಸಿದ್ದರೆ ಬಂಧನ ಪತ್ರ ಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಸರ್ಕಾರಿ ಡಾಕ್ಟರ ಹತ್ತಿರ ಮೈ ತೋರಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತೋರಿಸದಿದ್ದರೆ ಇದ್ಯಾವುದೂ ಇಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹನ್ನೊಂದು ಸೂಚನೆ ಕೊಟ್ಟಿತು. ಬಂಧಿತನ ಮೈಮೇಲಿನ ದೊಡ್ಡ ಸಣ್ಣ ಗಾಯಗಳನ್ನೆಲ್ಲ ಬರೆದು ಆತನ ಸಹಿಯನ್ನೂ ಪೊಲೀಸರ ಸಹಿಯನ್ನೂ ಹಾಕಿಸಬೇಕು ಎಂಬುದು ಅವುಗಳಲ್ಲೊಂದು. ಆ ಒಂದು ಹಾಳೆ ಇದ್ದಿದ್ದರೆ ಈ ಪ್ರಕರಣದ ಮುಕ್ಕಾಲು ವಾದ ಹುಟ್ಟುತ್ತಲೇ ಇರಲಿಲ್ಲ. ಗಾಯ ಮೊದಲೇ ಇತ್ತೋ ಒಳಗೆ ಹೋದ ಮೇಲೆ ಆಯಿತೋ, ಅದೇ ಹೇಳುತ್ತಿತ್ತು.

ನೇರಳೆ ಬೆನ್ನು

ಫೋಟೋವನ್ನು ನಾನು ಮೊದಲು ಕಳಿಸಿದ್ದು ವಿಧಿವೈದ್ಯಶಾಸ್ತ್ರ ಕಲಿಸಿ ನಿವೃತ್ತರಾದ ಡಾಕ್ಟರೊಬ್ಬರಿಗೆ. ಸಾವಿರಾರು ಹೆಣ ಕೊಯ್ದವರು. ಐದು ನಿಮಿಷದಲ್ಲಿ ಫೋನ್ ಬಂತು.

‘ವಕೀಲ್ರ, ಇದು ಬಡದದ್ದಲ್ರಿ. ರಕ್ತ ಇಳದದ್ದು.’

ಅವರು ಹೇಳಿದ್ದು ಇಷ್ಟು. ಹೃದಯ ನಿಂತ ಮೇಲೆ ರಕ್ತ ಮೈಯ ಕೆಳಭಾಗಕ್ಕೆ ಇಳಿಯುತ್ತದೆ. ಅಂಗಾತ ಮಲಗಿಸಿದ ಹೆಣದಲ್ಲಿ ಬೆನ್ನು, ಕತ್ತಿನ ಹಿಂಭಾಗ, ತೊಡೆಯ ಹಿಂಭಾಗ ಒಂದೆರಡು ಗಂಟೆಯಲ್ಲೇ ನೇರಳೆಯಾಗತೊಡಗುತ್ತವೆ. ಆದರೆ ನೆಲಕ್ಕೆ ಒತ್ತಿಕೊಂಡ ಜಾಗದಲ್ಲಿ, ಅಂದರೆ ಹೆಗಲೆಲುಬು ಮತ್ತು ಕುಂಡೆಯ ಉಬ್ಬಿನಲ್ಲಿ, ರಕ್ತಕ್ಕೆ ದಾರಿಯಿಲ್ಲ, ಅಲ್ಲಿ ಚರ್ಮ ಬೆಳ್ಳಗೆ ಉಳಿಯುತ್ತದೆ. ಫೋಟೋವನ್ನು ಹಿಗ್ಗಿಸಿ ನೋಡಿದೆ. ಎರಡೂ ಹೆಗಲೆಲುಬಿನ ಮೇಲೆ ಅಂಗೈಯಗಲದ ಬಿಳಿ ಮಚ್ಚೆ. ‘ಹೆಗಲ ಬಿಟ್ಟು ಸುತ್ತಲೂ ಬಡಿಯೂ ಅಷ್ಟು ಜ್ವಾಕಿ ಯಾವ ಲಾಠಿಗೂ ಇರೂದಿಲ್ರಿ’ ಎಂದರು ಡಾಕ್ಟರು. ಕೊಯ್ದು ನೋಡಿದರೆ ಇನ್ನೂ ಸ್ಪಷ್ಟ: ಇಳಿದ ರಕ್ತ ರಕ್ತನಾಳದೊಳಗೇ ಇರುತ್ತದೆ, ತೊಳೆದರೆ ಹೋಗುತ್ತದೆ. ಏಟು ಬಿದ್ದಲ್ಲಿ ರಕ್ತ ಹೊರಗೆ ಬಂದು ಮಾಂಸದಲ್ಲಿ ಹೆಪ್ಪುಗಟ್ಟಿರುತ್ತದೆ, ಎಷ್ಟು ತೊಳೆದರೂ ಹೋಗದು.

ಇದನ್ನು ಸತ್ತವನ ತಮ್ಮನಿಗೆ ಹೇಳಿದೆ. ಹೇಳಬಾರದ ಹೊತ್ತಿನಲ್ಲಿ ಹೇಳಿದೆ ಎಂದು ಈಗ ಅನ್ನಿಸುತ್ತದೆ. ಆತ ನನ್ನನ್ನೇ ದಿಟ್ಟಿಸಿ ‘ಅಣ್ಣಾರ, ನೀವೂ ಅವ್ರ ಕಡೀನ?’ ಎಂದ. ಅವತ್ತು ಸಂಜೆ ಒಂದು ಗುಂಪಿನಲ್ಲಿ ನಾನು ಪೊಲೀಸರಿಂದ ರೊಕ್ಕ ತಿಂದಿದ್ದೇನೆಂಬ ಮೆಸೇಜು ಹರಿದಾಡಿತು.

ನನಗಿದ್ದ ಭಯ ಬೇರೆ. ಊರೆಲ್ಲ ಬೆನ್ನನ್ನೇ ಹಿಡಿದು ಕೂತರೆ, ನಾಳೆ ಒಬ್ಬ ಡಾಕ್ಟರು ಬಂದು ‘ಬೆನ್ನಿನ ಬಣ್ಣ ಸಹಜ’ ಎಂದು ಒಂದು ಸಾಲು ಬರೆದರೆ ಸಾಕು, ಇಡೀ ಆರೋಪ ಬಿದ್ದುಹೋಗುತ್ತದೆ. ನೋಡಬೇಕಾದ್ದು ಫೋಟೋದಲ್ಲಿ ಇಲ್ಲದ ಜಾಗ. ಲಾಠಿಯ ಚಪ್ಪಟೆ ಏಟು, ಬೆಲ್ಟಿನಂಥ ಪಟ್ಟೆಯ ಏಟು ತೊಡೆ ಮತ್ತು ಕುಂಡೆಯ ದಪ್ಪ ಮಾಂಸದಲ್ಲಿ ಹುದುಗಿರುತ್ತವೆ. ಚರ್ಮದ ಮೇಲೆ ಏನೂ ಕಾಣದಿರಬಹುದು, ಅದರಲ್ಲೂ ಕಪ್ಪು ಮೈಯಲ್ಲಿ. ಅಂಗಾಲಿನದೂ ಅದೇ ಕತೆ. ಚರ್ಮ ಬಿಡಿಸಿ, ಮಾಂಸವನ್ನು ಪದರ ಪದರವಾಗಿ ಕೊಯ್ದು ನೋಡದಿದ್ದರೆ ಆ ಏಟು ಹೆಣದ ಜೊತೆ ಮಣ್ಣಿಗೆ ಹೋಗುತ್ತದೆ.

ಶವಾಗಾರದ ಮುಂದೆ

ಮಂಗಳವಾರ ಮಧ್ಯಾಹ್ನ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ರಸ್ತೆ ತಡೆ, ಎರಡು ಪಕ್ಷದ ಮುಖಂಡರು, ಜಾತಿ ಸಂಘದವರು, ಪರಿಹಾರದ ಮೊತ್ತದ ಚೌಕಾಶಿ. ಹೆಂಡತಿಯನ್ನು ಯಾರೂ ಏನೂ ಕೇಳಲಿಲ್ಲ. ಆಕೆ ಬೇವಿನ ಗಿಡದ ಕೆಳಗೆ ಕೂತಿದ್ದಳು.

ಕಾನೂನಿನ ದಾರಿ ಮಾತ್ರ ಸ್ಪಷ್ಟವಿದೆ. ಪೊಲೀಸರ ವಶದಲ್ಲಿ ಸಾವಾದರೆ ಪೊಲೀಸರ ತನಿಖೆಯ ಜೊತೆಗೆ ನ್ಯಾಯಾಂಗ ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯಲೇಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 2005ರ ತಿದ್ದುಪಡಿ ತಂದ 176(1ಎ) ಅದು, 2006ರ ಜೂನ್‌ನಿಂದ ಜಾರಿ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಷಯ 196ನೇ ಕಲಮಿನಲ್ಲಿದೆ. ‘ಅರೆಸ್ಟೇ ಮಾಡಿಲ್ಲ, ಕಸ್ಟಡಿ ಹ್ಯಾಂಗಾಗ್ತದ’ ಎಂದು ಒಬ್ಬ ಅಧಿಕಾರಿ ಕೇಳಿದರು. ಕಲಮಿನಲ್ಲಿರುವುದು ವಶ ಎಂಬ ಮಾತು, ಬಂಧನವಲ್ಲ. ಠಾಣೆಯೊಳಗಿನಿಂದ ತನ್ನಿಷ್ಟದಂತೆ ಎದ್ದು ಹೋಗಲಾಗದವನು ವಶದಲ್ಲೇ ಇದ್ದಾನೆ. ಇದರ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ 24 ಗಂಟೆಯೊಳಗೆ ವರದಿ ಹೋಗಬೇಕು, ಇದು 1993ರ ಡಿಸೆಂಬರ್‌ನಿಂದ ಇರುವ ಸೂಚನೆ. ಮರಣೋತ್ತರ ಪರೀಕ್ಷೆಯ ವಿಡಿಯೋ ಮಾಡಬೇಕೆಂದು ಅದೇ ಆಯೋಗ 1995ರಲ್ಲಿ ಎಲ್ಲ ಮುಖ್ಯಮಂತ್ರಿಗಳಿಗೆ ಬರೆಯಿತು, 1997ರಲ್ಲಿ ಪರೀಕ್ಷೆಯ ಮಾದರಿ ನಮೂನೆಯನ್ನೂ ಕಳಿಸಿತು.

ನಾನು ಬರೆದುಕೊಟ್ಟ ಅರ್ಜಿಯಲ್ಲಿ ನಾಲ್ಕು ಬೇಡಿಕೆ: ತಾಲೂಕು ಆಸ್ಪತ್ರೆ ಬೇಡ, ವಿಧಿವೈದ್ಯ ವಿಭಾಗ ಇರುವ ಕಡೆ ಒಯ್ಯಿರಿ, ಇಬ್ಬರು ಡಾಕ್ಟರಿರಲಿ, ಮೊದಲಿನಿಂದ ಕೊನೆವರೆಗೆ ವಿಡಿಯೋ, ತೊಡೆ, ಕುಂಡೆ, ಅಂಗಾಲು ಬಿಡಿಸಿ ನೋಡಿ ಬರೆಯಬೇಕು. ಮ್ಯಾಜಿಸ್ಟ್ರೇಟರು ತರುಣರು, ಹೊಸಬರು, ಆದರೆ ಗಟ್ಟಿ. ನಾಲ್ಕನ್ನೂ ಒಪ್ಪಿದರು. ಐದನೆಯದೊಂದನ್ನು ಕೇಳುವುದು ನನಗೆ ಹೊಳೆಯಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆಯವರಿಗೆ ಹೇಳಿದ್ದು ಒಂದೇ: ‘ಸುಡಬ್ಯಾಡ್ರಿ, ಹೂಳ್ರಿ.’ ಅವರಲ್ಲಿ ಹೂಳುವುದೇ ರೂಢಿ, ಆದರೆ ಮುಖಂಡರೊಬ್ಬರು ಗಲಾಟೆ ಬೆಳೆಯುವ ಮೊದಲು ಸುಟ್ಟು ಮುಗಿಸಿರೆಂದು ಒತ್ತಾಯಿಸುತ್ತಿದ್ದರು. ಹೂತ ಹೆಣವನ್ನು ಬೇಕಾದರೆ ತೆಗೆಸಿ ಮತ್ತೆ ನೋಡಿಸಬಹುದು. ಬೂದಿಯನ್ನು ಯಾರು ಏನು ಕೇಳುತ್ತಾರೆ?

‘ಹೃದಯ ನಿಂತು’

ಮರಣೋತ್ತರ ವರದಿಯ ಪ್ರತಿ ಸಿಕ್ಕಿದಾಗ ಡಾಕ್ಟರ ಮನೆಗೇ ಹೋಗಿ ಇಬ್ಬರೂ ಕೂತು ಓದಿದೆವು. ಬೆನ್ನಿನ ಬಣ್ಣ ಇಳಿದ ರಕ್ತದ್ದೇ. ತಲೆಯೊಳಗೆ ಪೆಟ್ಟಿಲ್ಲ, ಪಕ್ಕೆಲುಬು ಮುರಿದಿಲ್ಲ. ಎರಡೂ ತೊಡೆಯ ಹಿಂಭಾಗ, ಎರಡೂ ಕುಂಡೆಯ ಆಳದ ಮಾಂಸದಲ್ಲಿ ಅಗಲವಾಗಿ ಹೆಪ್ಪುಗಟ್ಟಿದ ರಕ್ತ. ಎರಡೂ ಅಂಗಾಲಿನಲ್ಲೂ ಅದೇ. ಹೃದಯದ ಒಂದು ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದೆ, ಆದರೆ ಹೊಸ ಹೆಪ್ಪು ಕೂತಿಲ್ಲ. ಯಕೃತ್ತಿನಲ್ಲಿ ಕೊಬ್ಬು. ಹೊಟ್ಟೆ ಖಾಲಿ. ಅಭಿಪ್ರಾಯ: ಪ್ರಯೋಗಾಲಯದ ವರದಿ ಬರುವವರೆಗೆ ಕಾಯ್ದಿರಿಸಿದೆ.

ಮರುದಿನದ ಸುದ್ದಿ: ‘ಮರಣೋತ್ತರ ಪರೀಕ್ಷೆಯಲ್ಲಿ ಹೃದ್ರೋಗ ಪತ್ತೆ’. ಇದು ಸುಳ್ಳಲ್ಲ. ಆದರೆ ಇಷ್ಟನ್ನೇ ಹೇಳುವುದರಲ್ಲಿ ಇರುವ ಚಾಲಾಕಿತನವನ್ನು ಬಿಡಿಸಿ ಹೇಳಬೇಕು.

ಹೃದಯ ನಿಂತಿತು ಎಂಬುದು ಸಾವಿನ ಕಾರಣವಲ್ಲ, ಸಾವಿನ ಇನ್ನೊಂದು ಹೆಸರು. ನೇಣು ಹಾಕಿಕೊಂಡವನದೂ ನಿಲ್ಲುತ್ತದೆ, ಹಾವು ಕಡಿದವನದೂ ನಿಲ್ಲುತ್ತದೆ. ಕೇಳಬೇಕಾದ್ದು ಯಾಕೆ ನಿಂತಿತು ಎಂದು. ದಪ್ಪ ಮಾಂಸದ ಮೇಲೆ ಏಟಿನ ಮೇಲೆ ಏಟು ಬಿದ್ದರೆ ಮಾಂಸದ ಜೀವಕೋಶಗಳು ಒಡೆಯುತ್ತವೆ. ಅದರೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನು ಕೆಡಿಸುತ್ತದೆ, ಮಾಂಸದ ಬಣ್ಣವಾದ ಮಯೋಗ್ಲೋಬಿನ್ ಮೂತ್ರಪಿಂಡದ ನಳಿಕೆಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ದಕ್ಷಿಣ ಆಫ್ರಿಕಾದ ವೈದ್ಯರು ಶಾಂಬೊಕ್ ಎಂಬ ಚಾವಟಿಯಿಂದ ಹೊಡೆಸಿಕೊಂಡು ಬಂದವರಲ್ಲಿ ಮೂತ್ರಪಿಂಡ ಸೋಲುವುದನ್ನು ಎಷ್ಟೋ ಸಲ ಕಂಡು ಬರೆದಿದ್ದಾರೆ. ಎಲುಬು ಮುರಿಯದೆ, ತಲೆಗೆ ತಾಗದೆ, ಹೊರಗೆ ಹನಿ ರಕ್ತ ಬೀಳದೆ ಮನುಷ್ಯ ಒಂದೆರಡು ದಿನದಲ್ಲಿ ಸಾಯುವ ದಾರಿ ಇದು. ಹೊರಗಿನಿಂದ ನೋಡಿದವರಿಗೆ ‘ಹಾರ್ಟ್ ಅಟ್ಯಾಕ್’ ಎಂದೇ ಕಾಣುತ್ತದೆ.

ಸಾಬೀತು ಮಾಡುವುದು ಹೇಗೆ? ರಕ್ತದ ಪೊಟ್ಯಾಸಿಯಂ ಸಾಕ್ಷಿಯಾಗದು. ಸತ್ತ ಮೇಲೆ ಎಲ್ಲರ ರಕ್ತದಲ್ಲೂ ಅದು ತಾನಾಗಿ ಏರುತ್ತದೆ. ಉಳಿದದ್ದು ಮೂತ್ರಪಿಂಡದ ತುಣುಕು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಳಿಕೆಯಲ್ಲಿ ಕೂತ ಕಂದು ಕಟ್ಟು ಕಾಣುತ್ತದೆ. ಅದಕ್ಕೆ ತುಣುಕನ್ನು ಫಾರ್ಮಲಿನ್‌ನಲ್ಲಿ ಇಡಬೇಕು. ವಿಷ ಪರೀಕ್ಷೆಗೆ ಕಳಿಸುವ ತುಣುಕುಗಳಿಗೆ ಉಪ್ಪಿನ ಗಟ್ಟಿ ದ್ರಾವಣ. ಎರಡು ಕೆಲಸ, ಎರಡು ಬರಣಿ, ಎರಡು ದ್ರಾವಣ.

ನಮ್ಮ ಪ್ರಕರಣದಲ್ಲಿ ಮೂತ್ರಪಿಂಡವೂ ಉಪ್ಪುನೀರಿಗೆ ಹೋಯಿತು. ಎಲ್ಲ ಬರಣಿಗಳೂ ಬೆಳಗಾವಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು. ವಿಷ ಇಲ್ಲ, ಮದ್ಯದ ಅಂಶವೂ ಇಲ್ಲ ಎಂದು ವರದಿ ಬಂತು. ಇನ್ನೊಂದು ತುಣುಕನ್ನು ಸೂಕ್ಷ್ಮ ಪರೀಕ್ಷೆಗೆ ಕಳಿಸುವ ಹೊತ್ತಿಗೆ ಅದು ನೋಡಲು ಬಾರದಷ್ಟು ಕೆಟ್ಟಿತ್ತು. ಬೇಕೆಂದೇ ಮಾಡಿದರೇ? ನನಗೆ ಹಾಗೆ ಅನ್ನಿಸಿಲ್ಲ. ದಿನಕ್ಕೆ ನಾಲ್ಕಾರು ಹೆಣ ಕೊಯ್ಯುವ ಕಡೆ ರೂಢಿಯ ಕೈ ರೂಢಿಯ ಬರಣಿಗೇ ಹೋಗುತ್ತದೆ. ಐದನೆಯ ಬೇಡಿಕೆ ಅದಾಗಬೇಕಿತ್ತು. ವಿಡಿಯೋ ಕೇಳಿದೆ, ಇಬ್ಬರು ಡಾಕ್ಟರನ್ನು ಕೇಳಿದೆ, ‘ಮೂತ್ರಪಿಂಡ ಫಾರ್ಮಲಿನ್‌ನಾಗ ಇಡ್ರಿ’ ಎಂಬ ಮೂರು ಶಬ್ದ ಬರೆಯಲಿಲ್ಲ. ಈಗ ಯಾರಾದರೂ ಇಂಥ ಪ್ರಕರಣ ಹಿಡಿದು ಬಂದರೆ ಅರ್ಜಿಯ ಮೊದಲ ಸಾಲೇ ಅದು.

ಕೊನೆಯ ಅಭಿಪ್ರಾಯ ಹೀಗಿತ್ತು: ಹೃದ್ರೋಗವಿದ್ದ ವ್ಯಕ್ತಿಯಲ್ಲಿ ಹೃದಯ ಸ್ತಂಭನದಿಂದ ಸಾವು ಸಂಭವಿಸಿರಬಹುದು, ಗಾಯಗಳ ಪಾತ್ರವನ್ನು ತಳ್ಳಿಹಾಕಲಾಗದು. ಎರಡೂ ಪಾಲಿನವರು ತಮಗೆ ಬೇಕಾದ ಅರ್ಧವನ್ನು ಓದಿ ಇನ್ನರ್ಧವನ್ನು ಬಿಟ್ಟರು.

ಕಾನೂನು ಓದಿದವರಿಗೆ ಅಲ್ಲಿ ತೊಡಕಿಲ್ಲ. ಮೊದಲೇ ರೋಗವಿದ್ದವನಿಗೆ ಗಾಯ ಮಾಡಿ ಆತನ ಸಾವನ್ನು ಬೇಗ ತಂದರೆ, ಆ ಸಾವನ್ನು ತಂದವನು ಗಾಯ ಮಾಡಿದವನೇ ಎಂದು ಭಾರತೀಯ ದಂಡ ಸಂಹಿತೆಯ 299ನೇ ಕಲಮಿನ ಮೊದಲ ವಿವರಣೆ ಹೇಳುತ್ತಿತ್ತು. ಹೊಸ ನ್ಯಾಯ ಸಂಹಿತೆಯ 100ನೇ ಕಲಮೂ ಹಾಗೆಯೇ ಹೇಳುತ್ತದೆ. ‘ಗಟ್ಟಿ ಆಳಾಗಿದ್ರ ಸಾಯ್ತಿರಲಿಲ್ಲ’ ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ.

ಚಹಾದಂಗಡಿಯ ಮಿನಿಯಾಪೊಲಿಸ್

ಕೋರ್ಟಿನ ಹಿಂದಿನ ಚಹಾದಂಗಡಿಯಲ್ಲಿ ನನ್ನ ಜೂನಿಯರ್ ಹುಡುಗ, ಅಮೆರಿಕದಲ್ಲಿ ಪೊಲೀಸನೊಬ್ಬ ಕತ್ತಿನ ಮೇಲೆ ಮೊಣಕಾಲೂರಿ ಹಿಡಿದಾಗ ಸತ್ತ ಜಾರ್ಜ್ ಫ್ಲಾಯ್ಡ್‌ನ ಪ್ರಕರಣ ತೆಗೆದ. 2020ರ ಮೇ 25, ಮಿನಿಯಾಪೊಲಿಸ್. ಅಲ್ಲೂ ಇದೇ ಜಗಳ: ಹೃದ್ರೋಗವಿತ್ತು, ರಕ್ತದಲ್ಲಿ ಫೆಂಟನಿಲ್ ಇತ್ತು ಎಂದು ಒಂದು ಕಡೆ, ಕತ್ತಿನ ಮೇಲೆ ಮೊಣಕಾಲಿತ್ತು ಎಂದು ಇನ್ನೊಂದು ಕಡೆ. ಸರ್ಕಾರಿ ವೈದ್ಯರ ವರದಿ ಪೊಲೀಸರು ಅದುಮಿ ಹಿಡಿದದ್ದು, ಕತ್ತು ಒತ್ತಿದ್ದು ಎರಡನ್ನೂ ಬರೆದು, ಸಾವಿನ ಬಗೆಯನ್ನು ‘ಇನ್ನೊಬ್ಬರ ಕೈಯಿಂದಾದದ್ದು’ ಎಂದು ಗುರುತಿಸಿತು. ಹೃದ್ರೋಗ, ಮಾದಕ ವಸ್ತುಗಳನ್ನು ಜೊತೆಗಿದ್ದ ಸಂಗತಿಗಳೆಂದು ಬೇರೆ ಬರೆಯಿತು. ಮನೆಯವರು ಮಾಡಿಸಿದ ಪರೀಕ್ಷೆ ಉಸಿರುಗಟ್ಟಿಸಿದ್ದು ಎಂದಿತು. 2021ರ ಏಪ್ರಿಲ್ 20ರಂದು ಆ ಪೊಲೀಸ್ ತಪ್ಪಿತಸ್ಥನೆಂದು ತೀರ್ಪಾಯಿತು.

‘ನಮ್ಮಲ್ಲಿ ಆ ಬಗೆ ಬರಿಯೂ ಕಾಲಮ್ಮೇ ಇಲ್ಲಲ್ರಿ ಸರ್’ ಎಂದ ಹುಡುಗ. ಖರೆ. ನಮ್ಮ ಡಾಕ್ಟರು ಕಾರಣ ಹೇಳುತ್ತಾರೆ, ಗಾಯ ಸಾಯುವ ಮೊದಲಿನದೋ ಆಮೇಲಿನದೋ ಹೇಳುತ್ತಾರೆ. ಯಾರ ಕೈಯಿಂದ ಎಂಬುದನ್ನು ಹೇಳಬೇಕಾದ್ದು ತನಿಖೆ. ಆ ತನಿಖೆ ಬಹುಕಾಲ ಅದೇ ಖಾಕಿಯ ಕೈಯಲ್ಲಿತ್ತು. ಹಾಗಂತ ಕಾಲಮ್ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಎಂದೂ ಅಲ್ಲ. ಆ ಮೊಕದ್ದಮೆಯಲ್ಲಿ ಆರೋಪಿಯ ಪರ ಸಾಕ್ಷಿ ಹೇಳಿದ ವೈದ್ಯರು ಮೇರಿಲ್ಯಾಂಡ್ ರಾಜ್ಯದ ಮುಖ್ಯ ಶವಪರೀಕ್ಷಕರಾಗಿದ್ದವರು. ಅವರ ಕಾಲದ ಇಂಥ 87 ಸಾವುಗಳನ್ನು ಮರಳಿ ನೋಡಿಸಿದಾಗ, ಬೇರೆ ಹೆಸರು ಬರೆದಿದ್ದ 36 ಸಾವು ಇನ್ನೊಬ್ಬರ ಕೈಯಿಂದಾದವೇ ಎಂದು ಪರಿಶೀಲಕರು ಒಮ್ಮತದಿಂದ ಹೇಳಿದ ವರದಿ 2025ರಲ್ಲಿ ಹೊರಬಂತು. ‘ಉದ್ರಿಕ್ತ ಸನ್ನಿ’, ಅಂದರೆ ವಿಪರೀತ ಉದ್ರೇಕದಲ್ಲಿ ಮನುಷ್ಯ ತಾನಾಗಿಯೇ ಸತ್ತ, ಎಂಬೊಂದು ಕಾರಣವನ್ನು ಅಲ್ಲಿ ವರ್ಷಗಟ್ಟಲೆ ಬಳಸಿದರು. 2023ರಲ್ಲಿ ಅಮೆರಿಕದ ತುರ್ತು ವೈದ್ಯರ ಸಂಘ ಅದಕ್ಕೆ ಆಧಾರವಾಗಿದ್ದ ತನ್ನ 2009ರ ವರದಿಯಿಂದ ಹಿಂದೆ ಸರಿಯಿತು.

ನನಗೆ ಫ್ಲಾಯ್ಡ್ ಪ್ರಕರಣದಲ್ಲಿ ಹಿಡಿದು ನಿಲ್ಲಿಸುವುದು ಬೇರೆ ಒಂದು ಅಂಕಿ: ಮೊಣಕಾಲು ಊರಿದ್ದ 9 ನಿಮಿಷ 29 ಸೆಕೆಂಡು. ಪೊಲೀಸರ ಮೈಮೇಲಿನ ಕ್ಯಾಮೆರಾಗಳು, ದಾರಿಯಲ್ಲಿದ್ದ ಹುಡುಗಿಯೊಬ್ಬಳ ಮೊಬೈಲು ಗಡಿಯಾರ ಇಟ್ಟುಕೊಂಡಿದ್ದವು. ವೈದ್ಯರ ವಾದ ಎಷ್ಟೇ ಎಳೆದಾಡಿದರೂ ಆ ಗಡಿಯಾರ ಅಲುಗಲಿಲ್ಲ.

ನಮ್ಮ ದೇಶದ ನೀಲಾಬತಿ ಬೆಹೆರಾ ಪ್ರಕರಣವೂ ಹಾಗೆಯೇ. 1987ರ ಡಿಸೆಂಬರ್‌ನಲ್ಲಿ ಒಡಿಶಾದ ಹೊರಠಾಣೆಯೊಂದಕ್ಕೆ ಒಯ್ದ 22 ವರ್ಷದ ಮಗ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕ. ತಪ್ಪಿಸಿಕೊಂಡು ಓಡಿ ರೈಲಿಗೆ ಸಿಕ್ಕ ಎಂದರು ಪೊಲೀಸರು. ತಾಯಿ ಬರೆದ ಕಾಗದವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ತೆಗೆದುಕೊಂಡಿತು, 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಗಾಯಗಳು ರೈಲಿನವೋ ಲಾಠಿಯವೋ ಎಂಬ ವಾದ ಅಲ್ಲೂ ನಡೆಯಿತು. ಆದರೆ ಓಡಿಹೋದವನನ್ನು ರಾತ್ರಿಯೆಲ್ಲ ಯಾರಾದರೂ ಹುಡುಕಿದ್ದರೇ ಎಂಬ ಪ್ರಶ್ನೆಗೆ ಪೊಲೀಸರಲ್ಲಿ ನಂಬುವಂಥ ಉತ್ತರ ಇರಲಿಲ್ಲ.

ಹುಳ

ಹಾರ್ಟ್ ಅಟ್ಯಾಕ್ ವಾದ ತೊಡೆಯ ಹೆಪ್ಪಿನ ಮುಂದೆ ಸಡಿಲಾದ ಮೇಲೆ ಠಾಣೆಯ ಕಡೆಯಿಂದ ಮೂರನೆಯ ವಾದವೊಂದು ಬಂತು. ಕುಡುಕ, ಕುಡಿತ ಸಿಗದೆ ಸನ್ನಿ ಹಿಡಿಯಿತು, ಬಾಗಿಲಿಗೆ ಗೋಡೆಗೆ ಹಾಯ್ದು ಬಿದ್ದ, ಗಾಯ ತಾನೇ ಮಾಡಿಕೊಂಡ. ರಾತ್ರಿ ಪಾಳಿಯ ಕಾನ್‌ಸ್ಟೇಬಲ್ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದು: ‘ಸೋಮವಾರ ರಾತ್ರಿ ಹತ್ತರ ಸುಮಾರಿಗೆ ಕೈ ನಡುಗುತ್ತಿದ್ದವು. ಮೈಯೆಲ್ಲ ಬೆವೆತಿತ್ತು. ಗೋಡೆ ಮೇಲೆ ಹುಳ ಹರಿದಾಡುತ್ತಿವೆ, ತೆಗೆಯಿರಿ ಎಂದು ಒದರುತ್ತಿದ್ದ.’

ಅಂಗಾಲಿಗೆ ಗೋಡೆ ಹಾಯುವುದು ಹೇಗೆ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಡಾಕ್ಟರ ಪ್ರಶ್ನೆ ಬೇರೆಯೇ ಇತ್ತು. ಹೇಳಿಕೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: ‘ಕಡೀಕ ಕುಡದದ್ದು ಎಷ್ಟು ಗಂಟೇಕ?’

ಕುಡಿತ ನಿಂತ ದೇಹಕ್ಕೂ ಒಂದು ಗಡಿಯಾರವಿದೆ. ಕೈ ನಡುಕ, ಬೆವರು ಆರೆಂಟು ಗಂಟೆಗೆ ಶುರುವಾಗುತ್ತವೆ. ಇಲ್ಲದ್ದು ಕಾಣಲು ಶುರುವಾಗುವುದು ಸಾಮಾನ್ಯವಾಗಿ 12ರಿಂದ 24 ಗಂಟೆಯ ಹೊತ್ತಿಗೆ, ಆಮೇಲೂ ಒಂದೆರಡು ದಿನ ಕಾಣುತ್ತಿರಬಹುದು. ಮೂರ್ಛೆ ಬರುವುದಿದ್ದರೆ ಹೆಚ್ಚಾಗಿ ಎರಡು ದಿನದೊಳಗೆ. ಪೂರ್ತಿ ಸನ್ನಿ ಅದಕ್ಕೂ ಆಮೇಲೆ. ಈಗ ಡೈರಿ ನೋಡಿ: ಸೋಮವಾರ ಸಂಜೆ 5.10ಕ್ಕೆ ಕುಡಿದ ಸ್ಥಿತಿಯಲ್ಲಿ ಸಿಕ್ಕ. ರಾತ್ರಿ ಹತ್ತಕ್ಕೆ ಹುಳ ಕಂಡ. ಐದೇ ಗಂಟೆ! ಕುಡಿದ ಮತ್ತೇ ಪೂರ್ತಿ ಇಳಿಯದ ಹೊತ್ತು. ಮನೆಯವರ ಮಾತು ನೋಡಿ: ಭಾನುವಾರ ಸಂಜೆ ಆರೂವರೆ. ಅಲ್ಲಿಂದ ಸೋಮವಾರ ರಾತ್ರಿ ಹತ್ತಕ್ಕೆ ಇಪ್ಪತ್ತೇಳೂವರೆ ಗಂಟೆ. ಹುಳ ಕಾಣುವ ಹೊತ್ತೇ.

ಆಮೇಲೆ ಒಂದೊಂದೇ ಕೂಡಿಬಂದವು. ದೇಹ ಮದ್ಯವನ್ನು ಗಂಟೆಗೆ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 15ರಿಂದ 20 ಮಿಲಿಗ್ರಾಂನಂತೆ ಕರಗಿಸುತ್ತದೆ. ಸೋಮವಾರ ಸಂಜೆ ಕುಡಿದು ತಿರುಗುತ್ತಿದ್ದ ಎಂದು ಡೈರಿ ಹೇಳುವವನಲ್ಲಿ, ರಾತ್ರಿ ಕಳೆಯುವ ಮೊದಲೇ ಸತ್ತರೂ, ಲವಲೇಶ ಸಿಗಲಿಲ್ಲ. ಇದೊಂದೇ ಆದರೆ ಸಾಲದು, ಜೊತೆಗೆ ಸೇರಿದಾಗ ತೂಕ ಬಂತು. ಇನ್ನು ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ಡಾಕ್ಟರು, ಹೊಸದಾಗಿ ಸೇರಿದ ಹುಡುಗಿ, 4.35ಕ್ಕೆ ಹೆಣ ಬಂದಾಗ ರಿಜಿಸ್ಟರಿನಲ್ಲಿ ಬರೆದ ಒಂದು ಸಾಲು: ‘ದವಡೆ, ಕತ್ತು ಬಿಗಿದಿದೆ.’ ಯಾರೂ ಆಕೆಗೆ ಬರೆಯೆಂದು ಹೇಳಿರಲಿಲ್ಲ. ಸತ್ತ ಮೈ ಸೆಟೆಯುವುದು ಮೊದಲು ರೆಪ್ಪೆ, ದವಡೆ, ಕತ್ತಿನಲ್ಲಿ, ಅದೂ ಸಾವಾದ ಒಂದೆರಡು ಗಂಟೆಯ ಮೇಲೆ, ಚಳಿಗಾಲದಲ್ಲಿ ಇನ್ನೂ ತಡ. ಅಂದರೆ 4.10ಕ್ಕೆ ಎದೆ ಹಿಡಿದುಕೊಂಡು ನೋವೆಂದ ಮನುಷ್ಯ ಆ ಹೊತ್ತಿಗಾಗಲೇ ಸತ್ತಿದ್ದ.

ಕಾನ್‌ಸ್ಟೇಬಲ್ ತನ್ನವರನ್ನು ಬಿಡಿಸಲು ಕೊಟ್ಟ ಹೇಳಿಕೆಯೇ ಅವರನ್ನು ಕಟ್ಟಿಹಾಕಿತು. ಹತ್ತಕ್ಕೇ ಆತನ ಸ್ಥಿತಿ ಗೊತ್ತಿತ್ತು ಎಂದಾಯಿತಲ್ಲ? ಠಾಣೆಯಿಂದ ಆಸ್ಪತ್ರೆಗೆ ಜೀಪಿನಲ್ಲಿ ನಾಲ್ಕು ನಿಮಿಷ. ಹತ್ತರಿಂದ ನಸುಕಿನವರೆಗೆ ಡಾಕ್ಟರಿಗೆ ಒಂದು ಫೋನೂ ಹೋಗಿರಲಿಲ್ಲ. ಕುಡಿತ ನಿಂತ ಸನ್ನಿ ಸಮಯಕ್ಕೆ ಮದ್ದು ಬಿದ್ದರೆ ಸಾಮಾನ್ಯವಾಗಿ ಇಳಿಯುವಂಥದು. ಊರು ‘ಬಡದು ಕೊಂದಾರೋ ಇಲ್ಲೋ’ ಎಂದು ಜಗಳಾಡುತ್ತಿದ್ದಾಗ ಈ ಆರು ಗಂಟೆಗಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಠಾಣೆಯ ಸಿಸಿಟಿವಿ? ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಹೇಳಿದ್ದು: ಲಾಕಪ್, ವರಾಂಡ, ಬಾಗಿಲು ಎಲ್ಲ ಕಡೆ ಕ್ಯಾಮೆರಾ, ಧ್ವನಿಯೂ ಸೇರಿ, 18 ತಿಂಗಳು ಕಾಪಿಡಬೇಕು, ಎಷ್ಟೇ ಕಡಿಮೆಯೆಂದರೂ ಒಂದು ವರ್ಷ. ನಮ್ಮಲ್ಲಿ ಹಾರ್ಡ್‌ಡಿಸ್ಕ್ ಕೆಟ್ಟಿತ್ತು. ರಿಪೇರಿಗೆ ಬರೆದ ಪತ್ರದ ತಾರೀಖು ಸಾವಿನ ಮಾರನೆಯ ದಿನದ್ದು. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಭಾನುವಾರ ಸಂಜೆ 6.48ಕ್ಕೆ ಜೀಪು ಹಾದುಹೋಗುವುದು ಸಿಕ್ಕಿತು, ಒಳಗೆ ಯಾರಿದ್ದಾರೆ ಕಾಣದು. ಪಾನ್ ಅಂಗಡಿಯವನು ‘ನಾ ಏನೂ ನೋಡಿಲ್ರಿ, ಹೆಂಡ್ತಿ ಮಕ್ಕಳು ಅದಾವ್ರಿ’ ಎಂದು ಕೈಮುಗಿದ. ಅವನನ್ನು ದೂರುವ ಧೈರ್ಯ ನನಗಿಲ್ಲ.

ಮ್ಯಾಜಿಸ್ಟ್ರೇಟರ ವರದಿ ಸಾವಿನ ವೈದ್ಯಕೀಯ ಕಾರಣದ ಮೇಲೆ ಹಟ ಹಿಡಿಯಲಿಲ್ಲ. ಆತ ಭಾನುವಾರ ಸಂಜೆಯಿಂದ ಠಾಣೆಯಲ್ಲಿದ್ದ, ತೊಡೆ ಅಂಗಾಲಿನ ಗಾಯ ಅಲ್ಲೇ ಆದವು, ಸ್ಥಿತಿ ಕೆಟ್ಟದ್ದು ಗೊತ್ತಿದ್ದೂ ಚಿಕಿತ್ಸೆ ಕೊಡಿಸಲಿಲ್ಲ, ಡೈರಿಯ ಸಮಯ ನಂಬಲು ಬಾರದು. ನಾಲ್ಕು ಪುಟದಲ್ಲಿ ಇಷ್ಟೇ. ಸಿಐಡಿ ತನಿಖೆ ನಡೆದಿದೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನ ಪ್ರಕಾರ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕು ಎಂಬ ತಕರಾರು ಎದ್ದು, ಅದು ಈಗ ಹೈಕೋರ್ಟಿನ ಧಾರವಾಡ ಪೀಠದಲ್ಲಿದೆ. ಲಾಠಿ ಬೀಸುವುದು ಕರ್ತವ್ಯದ ಭಾಗವೋ ಅಲ್ಲವೋ ಎಂದು ಅಲ್ಲಿ ವಾದ.

ಹೋದ ತಿಂಗಳು ಆತನ ಹೆಂಡತಿ ಆಫೀಸಿಗೆ ಬಂದಿದ್ದಳು, ಚೀಲದಲ್ಲಿ ಮರಣ ಪ್ರಮಾಣಪತ್ರ ಹಿಡಿದು. ವಿಧವಾ ವೇತನಕ್ಕೆ ಬೇಕಾಗಿತ್ತು. ಬಿಚ್ಚಿ ನನ್ನ ಮುಂದಿಟ್ಟಳು.

‘ಯಾಕ ಸತ್ರು ಅಂತ ಇದ್ರಾಗ ಬರದೇ ಇಲ್ಲಲ್ರಿ ಅಣ್ಣಾರ?’

ಬರೆಯುವುದಿಲ್ಲ ಎಂದೆ. ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮು ಹಾಗೆ ಹೇಳುತ್ತದೆ, ಮನೆಯವರಿಗೆ ಕೊಡುವ ಪ್ರತಿಯಲ್ಲಿ ಸಾವಿನ ಕಾರಣ ತೋರಿಸುವಂತಿಲ್ಲ. ಯಾರಿಗೂ ಬರೆಯುವುದಿಲ್ಲವೇ ಎಂದು ಕೇಳಿದಳು. ಯಾರಿಗೂ ಇಲ್ಲ ಎಂದೆ. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಓದಲು ಆಕೆಗೆ ಬರುತ್ತದೆ, ಏಳನೆಯ ತನಕ ಕಲಿತವಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಸಾವಿನ ಸ್ಥಳ: ತಾಲೂಕು ಆಸ್ಪತ್ರೆ.

‘ಅಲ್ಲೆ ಸತ್ತಿಲ್ಲಲ್ರಿ ಅವ್ರು.’

15ನೇ ಕಲಮಿನಲ್ಲಿ ತಿದ್ದುಪಡಿಗೆ ಅವಕಾಶವಿದೆ. ಅರ್ಜಿ ಬರೆದು, ಮ್ಯಾಜಿಸ್ಟ್ರೇಟರ ವರದಿಯ ಎರಡನೆಯ ಪುಟ ಮತ್ತು ಆಸ್ಪತ್ರೆಯ ರಿಜಿಸ್ಟರಿನ ಆ ಒಂದು ಸಾಲಿನ ನಕಲು ಲಗತ್ತಿಸಿ, ಆಕೆಯ ಸಹಿ ಹಾಕಿಸಿಕೊಂಡೆ.